ಅತ್ತಿಗೆಯ ಮೂರನೇ ಓದುಗರು

ನಮ್ಮ ಅತ್ತಿಗೆ ನಡೆಸುವುದು ಜನಾಂಗ, ಸಮಾಜ, ರಾಜಕೀಯದ ಬಗೆಗಿನ ಸಂಶೋಧನಾ ಪತ್ರಿಕೆ. ಓದುವವರಿಗಿಂತ ಬರೆಯುವವರೇ ಜಾಸ್ತಿ ಎಂದು ನಾನು ರೇಗಿಸುತ್ತಿರುತ್ತೇನೆ. ಪುಟ ವಿನ್ಯಾಸದ ಕೆಲಸವನ್ನು ಮೈದುನನಾದ ನನ್ನ ತಲೆಗೆ ಕಟ್ಟಿದ್ದಾರೆ. ಕಚೇರಿ ಎಂದರೆ ನಮ್ಮದೇ ಮನೆಯ ಕೆಳಗಿನ ಎರಡು ಕೋಣೆ.

ಪ್ರತಿ ಲೇಖನವನ್ನೂ ಇಬ್ಬರು ವಿದ್ವಾಂಸರು ಪರಿಶೀಲಿಸುತ್ತಾರೆ. ಬರೆದವರು ಯಾರೆಂದು ಇವರಿಗೆ ತಿಳಿಯಬಾರದು, ಇವರು ಯಾರೆಂದು ಅವರಿಗೆ ತಿಳಿಯಬಾರದು. ಇದು ಎಲ್ಲ ಕಡೆಯ ಪದ್ಧತಿ. ಅತ್ತಿಗೆಗೆ ಅಷ್ಟು ಸಾಲದು. ಲೇಖನ ಯಾರ ಬಗ್ಗೆ ಇದೆಯೋ ಅವರಲ್ಲೊಬ್ಬರಿಗೆ ಅದನ್ನು ಓದಿ ಹೇಳದೆ ಅಚ್ಚಿಗೆ ಕಳಿಸುವುದಿಲ್ಲ. ಅವರಿಗೆ ‘ಮೂರನೇ ಓದುಗರು’ ಎಂದು ಹೆಸರು. ಈ ಹಟದಿಂದ ಹಾಳಾಗುವುದು ನನ್ನ ಭಾನುವಾರ.

ಒಮ್ಮೆ ಒಬ್ಬ ಪ್ರೊಫೆಸರರ ಲೇಖನ ಬಂತು. ತಲೆಮಾರುಗಳಿಂದ ಇಲ್ಲೇ ಇರುವ ಆಫ್ರಿಕಾ ಮೂಲದ ಕಪ್ಪು ಜನರಿಗೆ ನಮ್ಮ ಊರಲ್ಲಿ ಬಾಡಿಗೆ ಮನೆ ಹೇಗೆ ತಪ್ಪಿಸುತ್ತಾರೆ ಎಂಬುದು ವಿಷಯ. ಪರಿಶೀಲಕರಿಬ್ಬರೂ ಹೊಗಳಿ ಅಟ್ಟಕ್ಕೇರಿಸಿದ್ದರು. ಅವರಲ್ಲೇ ಒಬ್ಬರಾದ, ಲೇಖನದಲ್ಲಿ ಹೆಸರು ಬದಲಿಸಿದ್ದ ಟೈಲರಮ್ಮನ ಮಾತುಗಳೇ ಅದರ ಜೀವಾಳ. ಅತ್ತಿಗೆ ಆಕೆಯ ವಿಳಾಸ ಪಡೆದು, ನನ್ನನ್ನೂ ಎಳೆದುಕೊಂಡು ಹೋಗಿ, ಹೊಲಿಗೆ ಮಷಿನ್ ಪಕ್ಕದಲ್ಲೇ ಕೂತು ಓದಿದರು.

ಟೈಲರಮ್ಮನ ಮುಖ ಇಳಿದುಹೋಯಿತು. “ಅಕ್ಕಾ, ಹೆಸರೇನೋ ಬೇರೆ ಇಟ್ಟಿದ್ದೀರಿ. ಆದ್ರೆ ಮೂಲೆ ಮನೆ, ನೀಲಿ ಬಾಗಿಲು, ಕಣ್ಣು ಕಾಣದ ಗಂಡ, ಎಲ್ಲಾ ಹಾಗೇ ಇದೆಯಲ್ಲ! ನಮ್ಮ ಓನರ್ ಕಣ್ಣಿಗೆ ಬಿದ್ರೆ ಮಾರನೇ ದಿನವೇ ನಾವು ಗಂಟುಮೂಟೆ ಕಟ್ಟಬೇಕು. ಬೇರೆ ಮನೆ ಸಿಕ್ಕಲಿ, ಆಮೇಲೆ ನನ್ನ ನಿಜವಾದ ಹೆಸರೇ ಹಾಕಿ.”

ಹೆಸರು ಮುಚ್ಚಿಡುವುದರಲ್ಲಿ ಪಳಗಿದ ನಮಗೆ ಯಾರಿಗೂ ಆ ನೀಲಿ ಬಾಗಿಲು ಕಂಡಿರಲಿಲ್ಲ.

ಅತ್ತಿಗೆ ಸಂಚಿಕೆಯನ್ನು ತಡೆಹಿಡಿದರು. ಪ್ರೊಫೆಸರ್ ಕೆಂಡವಾಗಿ ಬಂದರು.

“ಆ ವಿವರ ತೆಗೆದ್ರೆ ಉಳಿಯೋದು ಬರೀ ಅಂಕಿಅಂಶ! ಬೇರೆ ಪತ್ರಿಕೆಗೆ ಕೊಡ್ತೀನಿ ಬಿಡಿ.”

“ಕೊಡಿ ಸರ್. ಮೊದಲು ಅವರಿಗೊಂದು ಮನೆ ಹುಡುಕಿಕೊಟ್ಟು ಆಮೇಲೆ ಕೊಡಿ. ಹೊರಡಿ, ನಾನೂ ಬರ್ತೀನಿ.”

ಅತ್ತಿಗೆ ಚಪ್ಪಲಿ ಮೆಟ್ಟಿಯೇಬಿಟ್ಟರು. ಪ್ರೊಫೆಸರರಿಗೆ ಬೇರೆ ದಾರಿ ಇರಲಿಲ್ಲ.

ಫೋನಿನಲ್ಲಿ “ಖಾಲಿ ಇದೆ, ಬನ್ನಿ” ಎಂದವರು ಬಾಗಿಲಲ್ಲಿ ಟೈಲರಮ್ಮನನ್ನು ಕಂಡ ಕೂಡಲೇ “ಅಯ್ಯೋ, ಈಗ ತಾನೇ ಕೊಟ್ಬಿಟ್ವಲ್ಲ” ಎನ್ನುತ್ತಿದ್ದರು. ಒಬ್ಬರಿಗೆ ಇದ್ದಕ್ಕಿದ್ದಂತೆ ಮಗಳು ಬರುವುದು ನೆನಪಾಯಿತು. ತಾವೇ ಬರೆದಿದ್ದ ಮಾತುಗಳು ಎದುರಿಗೆ ಬಂದು ನಿಂತ ಮೇಲೆ ಪ್ರೊಫೆಸರ್ ಬೇರೆ ಪತ್ರಿಕೆಯ ಸುದ್ದಿ ಮತ್ತೆ ಎತ್ತಲಿಲ್ಲ. ವಾರಗಳು ಕಳೆದವು. ನಮ್ಮ ಪತ್ರಿಕೆ ಮುಚ್ಚಿಹೋಯಿತು ಎಂಬ ಸುದ್ದಿಯೂ ಹಬ್ಬಿತು. ಅತ್ತಿಗೆ ಜಗ್ಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಅವರು ಹಳೆಯ ಸಂಚಿಕೆಗಳ ಕಟ್ಟುಗಳನ್ನು ಮಹಡಿಗೆ ಹೊರುತ್ತಿದ್ದಾರೆ.

“ಏನತ್ತಿಗೆ ಇದು?”

“ಕೆಳಗಿನ ಕೋಣೆ ಖಾಲಿ ಮಾಡ್ತಿದ್ದೀನಿ. ಊರೆಲ್ಲಾ ಹುಡುಕಿದ್ವಿ, ನಮ್ಮನೆ ಒಂದನ್ನ ಮರೆತೇಬಿಟ್ಟಿದ್ವಿ ನೋಡು.”

“ಮತ್ತೆ ಕಚೇರಿ?”

“ನಿನ್ನ ರೂಮಲ್ಲಿ.”

ಅಣ್ಣನ ಮುಖ ನೋಡಿದೆ. ಅವನು ಆಗಲೇ ಕಟ್ಟು ಹೊರುವುದಕ್ಕೆ ಶುರುಮಾಡಿದ್ದ. ಅಂದಿನಿಂದ ಜನಾಂಗವೂ ಸಮಾಜವೂ ನನ್ನ ಮಂಚದ ಕೆಳಗಿವೆ, ರಾಜಕೀಯಕ್ಕೆ ಬೀರುವಿನ ಮೇಲೆ ಜಾಗ ಸಿಕ್ಕಿದೆ. ಗೊಣಗುವುದನ್ನು ನಾನು ಬಿಟ್ಟಿಲ್ಲ. ಆದರೆ ಅತ್ತಿಗೆಯ ಬಗ್ಗೆ ನನಗಿರುವ ಹೆಮ್ಮೆ ಯಾರ ಬಗ್ಗೆಯೂ ಇಲ್ಲ.

ಟೈಲರಮ್ಮನ ಸಂಸಾರ ಕೆಳಗೆ ಬಂದ ಮೇಲೆ ಸಂಚಿಕೆ ಅಚ್ಚಾಯಿತು. ಆಕೆಯ ಸ್ವಂತ ಹೆಸರಿನೊಂದಿಗೆ ಮಾತುಗಳೆಲ್ಲ ಇದ್ದ ಹಾಗೇ ಇದ್ದವು. ಆಕೆ ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಮಹಡಿ ಹತ್ತಿ ಬಂದರು.

“ಅಕ್ಕಾ, ಇನ್ನೊಂದು ಪ್ರತಿ ಕೊಡ್ತೀರಾ?”

“ಯಾರಿಗೆ?”

“ಹಳೇ ಓನರ್‌ಗೆ.”

ಯಾವುದಕ್ಕೂ ಹೆದರದ ಅತ್ತಿಗೆ ಅವತ್ತು ಹೆದರಿದ್ದನ್ನು ಕಂಡೆ. “ಪೋಸ್ಟಲ್ಲಿ ಕಳಿಸೋಣ. ಇಲ್ಲಾಂದ್ರೆ ನಾನೂ ಜೊತೆಗೆ ಬರ್ತೀನಿ, ಇರಿ.”

“ಬೇಡ ಅಕ್ಕಾ. ಮಾತು ನನ್ನದು. ನಾನೇ ಅವರ ಕೈಗೆ ಕೊಟ್ಟು ಬರ್ತೀನಿ.”