ಒಂದೀಟ ನೋಡ್ಕೋತ ಇರ್ರಿ

ಗುರುತು ಪರಿಚಯವಿಲ್ಲದವರ ಮುಂದೆ ಚೀಲ ಇಟ್ಟು, "ಒಂದೀಟ ನೋಡ್ಕೋತ ಇರ್ರಿ, ಈಗ ಬಂದೆ" ಎಂದು ಹೇಳಿ ಹೋಗಿಬಿಡುವುದು ನಮ್ಮ ಮನೆತನದ ಚಟ. ಅದನ್ನು ಚಟ ಎಂದು ಕರೆಯಬೇಕೆಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಒಂದು ವಿಮಾ ಕಂಪನಿಯ ಪತ್ರದಿಂದ. ಅಲ್ಲಿಯವರೆಗೆ ಅದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವಷ್ಟೇ ಸಹಜವಾದ ಕೆಲಸವಾಗಿತ್ತು.

ತಪ್ಪು ನನ್ನೊಬ್ಬಳದಲ್ಲ, ಮುಧೋಳದ ಬಸ್ ನಿಲ್ದಾಣದ್ದೂ ಇದೆ. ಸಮೀರವಾಡಿಗೆ, ಜಮಖಂಡಿಗೆ, ಬೀಳಗಿಗೆ ಹೋಗುವ ಬಸ್ಸುಗಳೆಲ್ಲ ಬಂದು ನಿಲ್ಲುವ ಆ ಅಂಗಳದಲ್ಲಿ ಕಿಟಕಿಯಿಂದ ಒಂದು ಕರವಸ್ತ್ರ ಎಸೆದರೆ ಸೀಟು ನಿಮ್ಮದಾಗುತ್ತದೆ. ಪಕ್ಕದವರಿಗೆ ಒಂದು ಮಾತು ಹೇಳಿದರೆ ಗಂಟುಮೂಟೆಗೆ ಕಾವಲು ಸಿಗುತ್ತದೆ. ಗುರುತಿಲ್ಲದವರನ್ನು ನೋಡಿದರೆ ನಮ್ಮ ಆಯಿಗೆ, ಎಂದರೆ ನನ್ನ ತಾಯಿಗೆ, ಕಣ್ಣಲ್ಲೇ ಗೊತ್ತಾಗುತ್ತಿತ್ತು, ಯಾರ ಹತ್ತಿರ ಏನು ಬಿಡಬಹುದು ಎಂದು. ನಾನು ಐದು ವರ್ಷದವಳಿದ್ದಾಗ ಎರಡು ಚೀಲದ ಜೊತೆ ನನ್ನನ್ನೂ ಒಬ್ಬ ಬೀಳಗಿಯ ಹೆಂಗಸಿನ ಮುಂದೆ ಕೂರಿಸಿ ಆಯಿ ಔಷಧಿ ಅಂಗಡಿಗೆ ಹೋಗಿದ್ದಳು. ಆ ಹೆಂಗಸು ನನಗೆ ಅರ್ಧ ಶೇಂಗಾ ಉಂಡಿ ಕೊಟ್ಟದ್ದು ನೆನಪಿದೆ. ಆಯಿ ತಿರುಗಿ ಬಂದಾಗ ಆ ಹೆಂಗಸು ಅವಳಿಗೆ ಬಾಯಿಗೆ ಬಂದಂತೆ ಬೈದದ್ದೂ ನೆನಪಿದೆ. ಏಕೆ ಬೈದಳೆಂಬುದು ಮಾತ್ರ ನೆನಪಿಲ್ಲ. ಯಾರ ಮಾತನ್ನೂ ಕೇಳದ ನಮ್ಮ ಆಯಿ ತಲೆ ತಗ್ಗಿಸಿ ನಿಂತಿದ್ದನ್ನು ನಾನು ಎಷ್ಟೋ ವರ್ಷ ನಗೆಯ ಕಥೆಯಾಗಿ ಹೇಳಿಕೊಂಡು ಬಂದಿದ್ದೆ.

ನನ್ನ ಕಸುಬು ಬಟ್ಟೆಯ ಫೋಟೋ ತೆಗೆಯುವುದು. ಮದುವೆ ಮುಂಜಿಯ ಫೋಟೋ ಅಲ್ಲ, ಬಟ್ಟೆಯದು. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳಿಗೆ ಸೆರಗು, ಅಂಚು ತೆಗೆದುಕೊಡುತ್ತ ಶುರು ಮಾಡಿದೆ. ನೇಯ್ಗೆಯ ಎಳೆ ಎಳೆ ಕಾಣುವಂತೆ ಬೆಳಕು ಹಿಡಿಯುವುದು ನನಗೆ ಕೈ ಹತ್ತಿತು. ನೇಕಾರರೇ ನನ್ನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ ಎಲ್ಲಿ ಎಳೆ ತಪ್ಪಿದೆ ಎಂದು ತೋರಿಸುತ್ತಿದ್ದರು. ಹಾಗೆ ಬೆಳೆದು ಬೆಳೆದು ಆ ಕೆಲಸ ನನ್ನನ್ನು ಪೋರ್ಚುಗಲ್ಲಿನ ಒಂದು ಸಣ್ಣ ಊರಿಗೆ ಒಯ್ದಿತು. ಹಿಂದೆ ಯಾವುದೋ ಕಾಲದಲ್ಲಿ ಹಡಗು ಹತ್ತಿ ಹೋದ ನಮ್ಮ ಕಡೆಯ ಬಟ್ಟೆಗಳು ಅಲ್ಲಿನ ಸಂಗ್ರಹಾಲಯದಲ್ಲಿ ಮಡಿಚಿ ಮಲಗಿದ್ದವು. ಆರು ತಿಂಗಳು ಅವುಗಳ ಫೋಟೋ ತೆಗೆಯಬೇಕು. ಕ್ಯಾಮೆರಾ, ಲ್ಯಾಪ್‌ಟಾಪ್ ನನ್ನವೇ ಆಗಬೇಕು, ಅವುಗಳಿಗೆ ವಿಮೆ ಇರಲೇಬೇಕು ಎಂದು ಕರಾರಿನಲ್ಲಿ ಬರೆದಿದ್ದರು.

ವಿಮೆಯ ವಿಷಯದಲ್ಲಿ ನಮ್ಮ ಮನೆಗೆ ಬೀರಪ್ಪ ಕಾಕಾ ಒಬ್ಬರೇ ಪಂಡಿತರು. ರನ್ನ ಬೆಳಗಲಿಯ ಕುರುಬರ ಮನೆತನದವರು. ಮೊದಲು ಕುರಿ ಕಾಯ್ದರು, ಈಗ ಕುರಿಗಳಿಗೆ ವಿಮೆ ಮಾಡಿಸುತ್ತಾರೆ. ತಹಶೀಲ್ದಾರ ಕಚೇರಿಯಲ್ಲಿದ್ದ ನಮ್ಮ ಅಪ್ಪನ ಕಾಲದಿಂದ ಮನೆಗೆ ಬರುವವರು. ನಾನು ಮೊಬೈಲಿನಲ್ಲಿ ಕೊಂಡ ಪಾಲಿಸಿಯನ್ನು ಓದುತ್ತ ಹೋದೆ, ಅವರು ಕಣ್ಣು ಮುಚ್ಚಿ ಅದರ ಅರ್ಥ ಹೇಳುತ್ತ ಹೋದರು. ವಿಮೆ ಮಾಡಿದ ಕುರಿಯ ಕಿವಿಗೆ ಒಂದು ನಂಬರಿನ ಬಿಲ್ಲೆ ಹೊಡೆಯುತ್ತಾರಂತೆ. ಕುರಿ ಸತ್ತರೆ ಆ ಬಿಲ್ಲೆ ತೋರಿಸಬೇಕು, ಇಲ್ಲದಿದ್ದರೆ ಸತ್ತ ಕುರಿಯೂ ನಿಮ್ಮದಲ್ಲ. ನನ್ನ ಕ್ಯಾಮೆರಾ ಮಗುಚಿ ಹಾಕಿಸಿ ಕೆಳಗಿನ ಸಣ್ಣ ನಂಬರನ್ನು ಹುಡುಕಿಸಿದರು. ಇದು ಇದರ ಕಿವಿ, ಬರೆದಿಟ್ಟುಕೋ ಎಂದರು. ನಾನು ಶ್ರದ್ಧೆಯಿಂದ ಬರೆದಿಟ್ಟುಕೊಂಡೆ.

ಪಾಲಿಸಿಯ ನಡುವೆ ಒಂದು ಸಾಲಿತ್ತು. ಯಾರೂ ಗಮನಿಸದ ಸ್ಥಿತಿಯಲ್ಲಿ ಸಾಮಾನನ್ನು ಬಿಟ್ಟುಹೋಗಿ ಅದು ಕಳೆದರೆ ಪರಿಹಾರವಿಲ್ಲ ಎಂದು. ನನಗೆ ಅದು ಬಹಳ ನ್ಯಾಯವಾಗಿ ಕಂಡಿತು. ಹಾಗೆ ಯಾರಾದರೂ ಬಿಟ್ಟು ಹೋಗುತ್ತಾರೆಯೇ ಎಂದು ನಾನೂ ಕಾಕಾನೂ ನಕ್ಕೆವು.

ನಾಲ್ಕನೆಯ ತಿಂಗಳಲ್ಲಿ, ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಊರಿನ ಹಳೆಯ ಮಗ್ಗವೊಂದನ್ನು ನೋಡಲು ರೈಲಿಗೆ ಕಾದಿದ್ದೆ. ಪುಟ್ಟ ನಿಲ್ದಾಣ, ಒಂದೇ ಬೆಂಚು. ಬೆಂಚಿನ ಮೇಲೆ ಕಪ್ಪು ಕೋಟಿನ ಅಜ್ಜಿಯೊಬ್ಬರು, ಬುಟ್ಟಿಯಲ್ಲಿ ಒಂದು ಕೋಸುಗಡ್ಡೆ. ಶೌಚಾಲಯ ಇದ್ದದ್ದು ಮೆಟ್ಟಿಲು ಹತ್ತಿ ಇಳಿದು ಹೋಗಬೇಕಾದ ಆ ಕಡೆಯ ಪ್ಲಾಟ್‌ಫಾರಮ್ಮಿನಲ್ಲಿ. ಕ್ಯಾಮೆರಾ, ಲ್ಯಾಪ್‌ಟಾಪ್ ಇದ್ದ ಚೀಲ ಹೆಣಭಾರ. ನಾನು ಚೀಲ ತೋರಿಸಿದೆ, ಕಣ್ಣು ತೋರಿಸಿದೆ, ಅಜ್ಜಿಯನ್ನು ತೋರಿಸಿದೆ. ಆಕೆ ತಲೆ ಆಡಿಸಿದರು. ಅಷ್ಟೇ ಅಲ್ಲ, ಮುಧೋಳದ ಹೆಂಗಸರು ಮಾಡುವಂತೆಯೇ ಚೀಲವನ್ನು ಕಾಲಿನಿಂದ ತಮ್ಮ ಕಡೆಗೆ ಎಳೆದುಕೊಂಡರು. ಅದನ್ನು ನೋಡಿ ನನಗೆ ಊರಿಗೆ ಬಂದಷ್ಟು ಸಮಾಧಾನವಾಯಿತು.

ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಇದ್ದವನನ್ನು ಹುಡುಕುವಷ್ಟರಲ್ಲಿ ಹೊತ್ತಾಯಿತು. ಒಳಗಿದ್ದಾಗ ಒಂದು ರೈಲು ಬಂದು ನಿಂತು ಹೋದ ಸಪ್ಪಳ ಕೇಳಿಸಿತು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು, ಹಾಗಾಗಿ ನಾನು ಅವಸರ ಮಾಡಲಿಲ್ಲ. ತಿರುಗಿ ಬಂದಾಗ ಬೆಂಚು ಖಾಲಿ ಇತ್ತು. ಅಜ್ಜಿ ಇಲ್ಲ, ಬುಟ್ಟಿ ಇಲ್ಲ, ಚೀಲವೂ ಇಲ್ಲ.

ಪೊಲೀಸ್ ಠಾಣೆಯಲ್ಲಿ ಆಕೆ ನಿಮಗೆ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಏಕೆ ಕೊಟ್ಟಿರಿ ಎಂದು ಕೇಳಿದರು. ಚೀಲ, ಕಣ್ಣು, ಅಜ್ಜಿ ಎಂದು ನಾನು ಮತ್ತೊಮ್ಮೆ ಕೈಸನ್ನೆ ಮಾಡಿ ತೋರಿಸಿದೆ. ನಿಲ್ದಾಣದಲ್ಲಿ ಚೀಲ ಕಳೆದಿದೆ ಎಂದು ಒಂದೇ ಸಾಲು ಬರೆದು ಮುದ್ರೆ ಒತ್ತಿ ಕೊಟ್ಟರು.

ವಿಮಾ ಕಂಪನಿಯ ಅರ್ಜಿಯಲ್ಲಿ ಮಾತ್ರ ಒಂದು ಸಾಲಿನಿಂದ ಮುಗಿಯುವಂತಿರಲಿಲ್ಲ. ಕಳವಾದ ಹೊತ್ತಿಗೆ ಸಾಮಾನು ಯಾರೂ ಗಮನಿಸದ ಸ್ಥಿತಿಯಲ್ಲಿತ್ತೇ? ಹೌದು, ಇಲ್ಲ, ಎರಡೇ ಚೌಕ. ಹೌದು ಎಂದರೆ ಪರಿಹಾರವಿಲ್ಲ. ಇಲ್ಲ ಎಂದರೆ ಹೇಗೆ ಹೋಯಿತು ಎಂದು ವಿವರಿಸಬೇಕು. ಸಂಗ್ರಹಾಲಯದಲ್ಲಿ ನನ್ನ ಜೊತೆ ಕೆಲಸ ಮಾಡುವವರು, ಯಾರೋ ತಳ್ಳಿ ಕಸಿದುಕೊಂಡು ಓಡಿದರು ಎಂದು ಬರೆ, ಎಲ್ಲರೂ ಹಾಗೆಯೇ ಬರೆಯುತ್ತಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದುವರೆಗಿನ ಫೋಟೋಗಳೆಲ್ಲ ಸಂಗ್ರಹಾಲಯದ ಬಳಿ ಭದ್ರವಾಗಿದ್ದವು. ಆದರೆ ಇನ್ನೂ ಎರಡು ತಿಂಗಳ ಕೆಲಸ ಬಾಕಿ ಇತ್ತು. ಪರಿಹಾರ ಬಂದರೆ ಮತ್ತೊಂದು ಕ್ಯಾಮೆರಾ ಬರುತ್ತದೆ, ಕೆಲಸ ಮುಗಿಯುತ್ತದೆ. ಬರದಿದ್ದರೆ ಬರಿಗೈಯಲ್ಲಿ ಊರಿಗೆ ಹೋಗಬೇಕು. ನಾನು ಬಹಳ ಸತ್ಯವಂತಳೇನಲ್ಲ. ಬಸ್ಸಿನಲ್ಲಿ ಸೀಟಿಗಾಗಿ ಇಲ್ಲದ ಸೊಂಟನೋವು ಹೇಳಿಕೊಂಡಿದ್ದೇನೆ. ಆದರೂ ಕೈ ಮುಂದೆ ಹೋಗಲಿಲ್ಲ. ಬೀರಪ್ಪ ಕಾಕಾಗೆ ಫೋನು ಮಾಡಿದೆ.

ಕಾಕಾ ಎಲ್ಲವನ್ನೂ ಕೇಳಿಕೊಂಡರು. ಅವರ ಹಿರಿಯರು ಕುರಿ ಹೊಡೆದುಕೊಂಡು ದೂರ ಹೋಗುವಾಗ, ಕಾಲು ಕುಂಟುವ ಕುರಿಯನ್ನು ದಾರಿಯ ಯಾರದೋ ಹೊಲದಲ್ಲಿ ಬಿಟ್ಟು, ತಿಂಗಳುಗಳಾದ ಮೇಲೆ ಬರುವಾಗ ಕರೆದುಕೊಂಡು ಬರುತ್ತಿದ್ದರಂತೆ. ಕೆಲವು ಸಲ ಮರಿಯ ಸಮೇತ. ಕೆಲವು ಸಲ ಹೊಲದವನೂ ಸಿಗುತ್ತಿರಲಿಲ್ಲ, ಕುರಿಯೂ ಸಿಗುತ್ತಿರಲಿಲ್ಲ.

"ಕಸಗೊಂಡ ಹೋದ್ರು ಅಂತ ಬರದ್ರ ರೊಕ್ಕ ಬರತೈತಿ ತಂಗಿ," ಎಂದರು. "ಆದ್ರ ಹಂಗ ಬರದ್ರ ಆ ಮುದಕಿ ಅಲ್ಲಿ ಇರಲೇ ಇಲ್ಲ ಅಂದಂಗಾತು. ಬಿಟ್ಟ ಹೋಗಿದ್ನಿ ಅಂತ ಬರದ್ರೂ ಆಕಿ ಇರಲಿಲ್ಲ ಅಂದಂಗ ಆತು. ಖರೆ ಹೇಳು, ಆಕಿ ಇದ್ಲೋ ಇಲ್ಲೋ?"

ಇದ್ದಳು ಎಂದೆ. ಕಾಲಿನಿಂದ ಚೀಲ ಎಳೆದುಕೊಂಡದ್ದು ನನ್ನ ಕಣ್ಣ ಮುಂದೆಯೇ ಇತ್ತು.

ನಾನು ಎರಡು ಚೌಕವನ್ನೂ ಖಾಲಿ ಬಿಟ್ಟು ಅಂಚಿನಲ್ಲಿ ಬರೆದೆ: ನಾನು ಚೀಲವನ್ನು ಬಿಟ್ಟು ಹೋಗಲಿಲ್ಲ, ಒಬ್ಬ ಹಿರಿಯ ಹೆಂಗಸಿಗೆ ನೋಡಿಕೊಳ್ಳಲು ಹೇಳಿ ಹೋದೆ, ಆಕೆ ಒಪ್ಪಿದ್ದರು. ಮೂರು ವಾರದ ಮೇಲೆ ಉತ್ತರ ಬಂತು. ಬಹಳ ಮರ್ಯಾದೆಯ ಪತ್ರ. ಅಪರಿಚಿತರಿಗೆ ಒಪ್ಪಿಸುವುದನ್ನು ಗಮನಿಸದೆ ಬಿಟ್ಟಂತೆಯೇ ಪರಿಗಣಿಸಲಾಗುವುದು, ನಿಮ್ಮ ಈ ಅಭ್ಯಾಸದ ಬಗ್ಗೆ ಮುಂದೆ ಎಚ್ಚರ ವಹಿಸಿ ಎಂದಿತ್ತು. ಸಂಗ್ರಹಾಲಯದವರು ಉಳಿದ ಕೆಲಸಕ್ಕೆ ಬೇರೆಯವರನ್ನು ಕರೆಸಿಕೊಂಡರು. ನಾನು ಊರಿಗೆ ಬಂದೆ.

ಬಂದ ಮೇಲೆ ಕೆಲವು ತಿಂಗಳು ನನಗೆ ಕೆಲಸವಿರಲಿಲ್ಲ. ಬನಹಟ್ಟಿಯ ವ್ಯಾಪಾರಿಗಳು ತಮ್ಮ ಮೊಬೈಲಿನಲ್ಲೇ ಸೀರೆ ತೆಗೆಯುವುದನ್ನು ಕಲಿತಿದ್ದರು. ಸತ್ಯ ಬರೆದೆನೆಂಬ ಹೆಮ್ಮೆ ಹದಿನೈದು ದಿನ ಇತ್ತು. ಅದು ಕರಗಿದ ಮೇಲೆ ಉಳಿದದ್ದು ಆ ಅಜ್ಜಿಯ ಮೇಲಿನ ಸಿಟ್ಟು. ನಿನ್ನ ಸಲುವಾಗಿ ಇಷ್ಟು ಮಾಡಿದೆ, ನೀನು ಮಾತ್ರ ಹೀಗೆ ಮಾಡಿದೆ ಎಂದು ರೊಟ್ಟಿ ಬಡಿಯುವಾಗಲೂ ಮನಸ್ಸಿನಲ್ಲಿ ಜಗಳ ಆಡುತ್ತಿದ್ದೆ. ನಿಲ್ದಾಣಕ್ಕೆ ಹೋದರೆ ಯಾರಿಗೂ ಏನೂ ಹೇಳದೆ ಚೀಲವನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದೆ. ಹಾಗೆ ಕೂತಾಗ ನನ್ನ ಊರೇ ನನಗೆ ಪರದೇಶವಾಗಿತ್ತು, ಅದು ಬಹಳ ದುಃಖದ ಸಂಗತಿ.

ಕಬ್ಬಿನ ಹಂಗಾಮು ಶುರುವಾಗಿತ್ತು. ಜಮಖಂಡಿಯ ಒಬ್ಬ ಸ್ಟುಡಿಯೋದವರು ತಮ್ಮ ಹಳೆಯ ಕ್ಯಾಮೆರಾ ಕೊಡುವುದಾಗಿ ಹೇಳಿದ್ದರು. ಹನ್ನೆರಡರೊಳಗೆ ಬರಬೇಕು, ಇಲ್ಲದಿದ್ದರೆ ಬನಹಟ್ಟಿಯವರೊಬ್ಬರು ಒಯ್ಯುತ್ತಾರೆ ಎಂದಿದ್ದರು. ನಾನು ಮುಧೋಳದ ನಿಲ್ದಾಣದಲ್ಲಿ ಜಮಖಂಡಿ ಬಸ್ಸಿಗೆ ಕಾಯುತ್ತಿದ್ದೆ. ಬೆಂಚಿನ ಮೇಲೆ ನಾನೊಬ್ಬಳೇ. ಒಬ್ಬ ಹೆಂಗಸು ಬಂದು ಎರಡು ಚೀಲ ನನ್ನ ಕಾಲ ಹತ್ತಿರ ಇಟ್ಟು, "ಒಂದೀಟ ನೋಡ್ಕೋತ ಇರ್ರಿ ಅಕ್ಕಾರ, ಬಂದೆ" ಎಂದು ಹೋಗಿಯೇ ಬಿಟ್ಟಳು. ನಾನು ಹೂಂ ಎಂದದ್ದು ನನಗೇ ಗೊತ್ತಾಗಲಿಲ್ಲ. ಕಾಲು ತಾನಾಗಿಯೇ ಮುಂದೆ ಹೋಗಿ ಚೀಲಗಳನ್ನು ಹತ್ತಿರ ಎಳೆದುಕೊಂಡಿತು.

ಬಸ್ ಬಂತು. ಕಂಡಕ್ಟರ್ ಜಮಖಂಡಿ, ಜಮಖಂಡಿ ಎಂದು ಕೂಗಿದ. ಹೆಂಗಸಿನ ಸುಳಿವಿಲ್ಲ. ನಾನು ಎದ್ದು ನಿಂತೆ. ಚೀಲಗಳನ್ನು ಬೆಂಚಿನ ಮೇಲೆ ಬಿಟ್ಟು ಹತ್ತಬಹುದಿತ್ತು. ಯಾರಾದರೂ ಎತ್ತಿಕೊಂಡು ಹೋದಾರು ಎಂದು ಭಯವಾದರೆ ಜೊತೆಗೇ ಒಯ್ದು, ಆಮೇಲೆ ಮುಟ್ಟಿಸಿದರಾಯಿತು ಎಂದುಕೊಳ್ಳಬಹುದಿತ್ತು. ಇಲ್ಲವೇ ಕೂತೇ ಇರಬಹುದಿತ್ತು. ನಾನು ಮತ್ತೆ ಕೂತೆ. ಬಸ್ ಹಿಂದಕ್ಕೆ ತಿರುಗಿ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಗೇಟು ದಾಟಿ ಹೋಯಿತು. ಆಗ ನನಗೆ ಆ ರೈಲಿನ ಸಪ್ಪಳ ಕೇಳಿಸಿತು. ಶೌಚಾಲಯದ ಒಳಗಿಂದ ಕೇಳಿದ್ದ ಅದೇ ಸಪ್ಪಳ. ಅದು ನನ್ನ ರೈಲಲ್ಲ ಎಂದಷ್ಟೇ ನಾನು ಅಂದು ಯೋಚಿಸಿದ್ದೆ. ಅದು ಯಾರ ರೈಲು ಎಂದು ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಜ್ಜಿ ಈ ಮೂರರಲ್ಲಿ ಮೊದಲಿನ ಎರಡರಲ್ಲೊಂದನ್ನು ಮಾಡಿರಬಹುದು. ಚೀಲ ಬಿಟ್ಟು ರೈಲು ಹತ್ತಿರಬಹುದು, ಇಲ್ಲವೇ ಹೆದರಿ ಒಯ್ದಿರಬಹುದು. ಕಳ್ಳಿಯೂ ಇರಬಹುದು, ಇಲ್ಲವೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ನಿಮ್ಮ ರೈಲು ಎಷ್ಟು ಹೊತ್ತಿಗೆ ಎಂದು ನಾನು ಕೇಳಲಿಲ್ಲ, ಇದು ಮಾತ್ರ ಖಚಿತ.

ಹೆಂಗಸು ತಿರುಗಿ ಬಂದಳು. ಬಸ್ ಹೋಯಿತೇ ಎಂದು ಕೇಳಿ, ಇನ್ನೊಂದು ಬರುತ್ತದೆ ಬಿಡಿ ಎಂದು ನನ್ನನ್ನೇ ಸಮಾಧಾನ ಮಾಡಿದಳು. ನಾನು ಆಕೆಗೆ ಬಾಯಿಗೆ ಬಂದಂತೆ ಬೈದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಯುವ ಆ ದನಿ ನನ್ನದಾಗಿರಲಿಲ್ಲ, ಅದನ್ನು ಐದು ವರ್ಷದವಳಿದ್ದಾಗ ಎಲ್ಲೋ ಕೇಳಿದ್ದೆ. ಜಮಖಂಡಿಗೆ ಹೋಗುವಷ್ಟರಲ್ಲಿ ಕ್ಯಾಮೆರಾ ಬನಹಟ್ಟಿಗೆ ಹೋಗಿತ್ತು. ಮನೆಗೆ ಬಂದು ಆಯಿಯನ್ನು ಕೇಳಿದೆ, ಆ ಬೀಳಗಿಯ ಹೆಂಗಸು ಅಂದು ಏಕೆ ಬೈದಳು ಎಂದು.

"ಆಕಿ ಬಸ್ ಹೋಗಿತ್ತಲ್ಲ," ಎಂದಳು ಆಯಿ. "ನಿನ್ನ ಬಿಟ್ಟ ಹೆಂಗ ಹತ್ತತಾಳ ಆಕಿ?"

ದೀಪಾವಳಿ ಕಳೆದ ಮೇಲೆ ಇನ್ನೊಂದು ಕ್ಯಾಮೆರಾ ಸಿಕ್ಕಿತು, ಮತ್ತೆ ಹೊರಗೆ ಹೋಗುವ ಕೆಲಸವೂ ಸಿಕ್ಕಿತು. ಹೊಸ ವಿಮೆಯ ಅರ್ಜಿ ತುಂಬುವಾಗ ಬೀರಪ್ಪ ಕಾಕಾ ಎದುರಿಗೆ ಕೂತಿದ್ದರು. ಹೊಸ ಕಿವಿಯ ನಂಬರು ಬರೆದಾಯಿತು. ಹಿಂದೆ ಯಾವುದಾದರೂ ಸಾಮಾನು ಕಳೆದಿದೆಯೇ, ಹೌದಾದರೆ ಕಾರಣವೇನು ಎಂದು ಕೊನೆಯಲ್ಲಿ ಕೇಳಿದ್ದರು. ಒಂದೇ ಸಾಲಿನ ಜಾಗವಿತ್ತು. ನಾನು ಬರೆದದ್ದನ್ನು ಕಾಕಾ ನನ್ನಿಂದ ಎರಡು ಸಲ ಓದಿಸಿದರು. ಇದರ ಮೇಲೆ ಯಾರೂ ಪೈಸೆ ಕೊಡುವುದಿಲ್ಲ ಎಂದರು, ಆದರೆ ಹೊಡೆದುಹಾಕು ಎನ್ನಲಿಲ್ಲ.

ನಾನು ಬರೆದದ್ದು ಇಷ್ಟೇ: ಆಕೆಯ ರೈಲು ಬಂದಿತ್ತು.