ಕಲಾವಿದರ ಹೆಸರು ಎಂಬ ಖಾನೆ

ನನ್ನ ಅಕ್ಕ ಮಾಡಿದ ಸಂಗೀತದ ಮೇಲೆ ಇಪ್ಪತ್ತು ವರ್ಷಗಳಿಂದ ನನ್ನ ಹೆಸರಿದೆ. ಹೀಗೇಕಾಯಿತು ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಒಂದು ಒಳ್ಳೆಯ ಕಥೆಯಿತ್ತು. ಕಳೆದ ತಿಂಗಳವರೆಗೆ ಅದನ್ನು ನಾನೂ ನಂಬಿದ್ದೆ.

ಆಗ ನಾವು ಸಿಕಂದರಾಬಾದ್‌ನ ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪ ಕಲಬುರ್ಗಿಯಿಂದ ವರ್ಗವಾಗಿ ಬಂದವರು. ನಾನು ಎಂ.ಎ. ಮುಗಿಸಿ, ಊರೆಲ್ಲ ಸೇರುತ್ತಿದ್ದಂತೆ, ಒಂದು ಕಂಪ್ಯೂಟರ್ ಕೋರ್ಸಿಗೆ ಸೇರಿದ್ದೆ. ಅಕ್ಕ ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಕ್ಯಾಸೆಟ್ ಕಾಪಿ ಮಾಡುವ ಕೆಲಸದಲ್ಲಿದ್ದಳು. ಓಣಿಯಲ್ಲಿ ಮದುವೆ ಮೆರವಣಿಗೆಯ ಮರ್ಫಾ ತಮಟೆಗಳು ಹಾದುಹೋದರೆ ಟೇಪ್ ರೆಕಾರ್ಡರನ್ನು ಕಿಟಕಿಯಲ್ಲಿಟ್ಟು ಹಿಡಿದುಕೊಳ್ಳುತ್ತಿದ್ದಳು. ಆ ಬಡಿತವನ್ನು ನನ್ನ ಕೋರ್ಸಿಗೆಂದು ತಂದ ಕಂಪ್ಯೂಟರಿನಲ್ಲಿ ತುಂಡು ಮಾಡಿ, ತಿರುವಿಹಾಕಿ, ಕೀಬೋರ್ಡಿನ ಒಂದೇ ತಗ್ಗು ಸ್ವರದ ಮೇಲೆ ಕೂರಿಸುತ್ತಿದ್ದಳು. ಹಾಡಿಲ್ಲ, ಮಾತಿಲ್ಲ. ಅಮ್ಮ ಅಡುಗೆಮನೆಯಿಂದ, “ಮಿಕ್ಸರ್ ಕೆಟ್ಟೈತೇನು?” ಎಂದು ಕೂಗುತ್ತಿದ್ದಳು.

ಇಂಥ ಸಂಗೀತಕ್ಕೆ ನಗರದಲ್ಲಿ ಅಂಗಡಿಯಿರಲಿಲ್ಲ, ವೇದಿಕೆಯಿರಲಿಲ್ಲ. ಇದ್ದದ್ದು ಒಂದು ಇ-ಮೇಲ್ ಗುಂಪು. ಒಬ್ಬರ ಮುಖ ಒಬ್ಬರು ಕಾಣದ ಮಂದಿ. ಸೈಬರ್ ಕೆಫೆಯಲ್ಲಿ ಅರ್ಧ ಮಧ್ಯಾಹ್ನ ಕೂತು ಒಂದು ಟ್ರ್ಯಾಕ್ ಏರಿಸುವವರು, ಅದನ್ನು ಪುಣೆಯಲ್ಲಿ ಇಳಿಸಿಕೊಂಡು ಸಿ.ಡಿ.ಗೆ ಹಾಕಿ ಹಂಚುವವರು, ನಾಲ್ಕು ನಿಮಿಷದ ಬಡಿತದ ಬಗ್ಗೆ ಎರಡು ಪುಟ ಬರೆಯುವವರು. ಅವರಿಲ್ಲದಿದ್ದರೆ ಅಕ್ಕನ ಸಂಗೀತ ನಮ್ಮ ಪಡಸಾಲೆಯಲ್ಲೇ ಮುಗಿಯುತ್ತಿತ್ತು. ನನಗೆ ಅವರ ಮೇಲೆ ಎಷ್ಟೇ ಸಿಟ್ಟಿರಲಿ, ಇದು ನಿಜ.

ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಸಂಗೀತವನ್ನು ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿ ಗುಂಪಿಗೆ ಯಾರು ಏರಿಸುತ್ತಾರೋ ಅವರ ಲಾಗಿನ್ ಹೆಸರೇ ಫೈಲಿನ ‘ಕಲಾವಿದರು’ ಎಂಬ ಖಾನೆಗೆ ಹೋಗುತ್ತಿತ್ತು. ಬಹುತೇಕ ಕ್ಯಾಸೆಟ್‌ಗಳ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಕಷ್ಟಪಟ್ಟವರಿಗೆ ಅಷ್ಟಾದರೂ ಮರ್ಯಾದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅಕ್ಕನ ನಾಲ್ಕು ಟ್ರ್ಯಾಕ್‌ಗಳನ್ನು ಏರಿಸಿದವನು ನಾನು. ಖಾನೆಯಲ್ಲಿ ನನ್ನ ಹೆಸರು ಬಿತ್ತು. ತನ್ನ ಹೆಸರು ಬೇಡವೆಂದು ಅಕ್ಕನೂ ಹೇಳಿದ್ದಳು. ಇದಿಷ್ಟು ನನ್ನ ಕಥೆ.

ಗುಂಪು ಮೊದಲ ಸಲ ಸೇರಿದ್ದು ನಮ್ಮ ಕ್ವಾರ್ಟರ್ಸ್‌ನ ಟೆರೇಸಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಮೂವತ್ತು ಜನ ಬಂದಿದ್ದರೆಂದು ನನ್ನ ಡೈರಿ ಹೇಳುತ್ತದೆ. ನನ್ನ ಡೈರಿ ಎಲ್ಲವನ್ನೂ ಸ್ವಲ್ಪ ದೊಡ್ಡದು ಮಾಡುತ್ತದೆ. ಒಬ್ಬ ನನ್ನ ಹೆಗಲು ಹಿಡಿದು, “ಕೈಸಾ ಬನಾಯೇ ಭಾಯ್?” ಎಂದ, ಇದನ್ನು ಹೇಗೆ ಮಾಡಿದೆ ಎಂದು. ನಾನು ನಕ್ಕೆ. ಅಕ್ಕ ಅಲ್ಲೇ ಇದ್ದಳು. ಅವಳ ಕೈಯಲ್ಲಿ ಚಹಾದ ತಟ್ಟೆಯಿತ್ತೋ ಸ್ಪೀಕರಿನ ವೈರ್ ಇತ್ತೋ ನನಗೆ ಖಚಿತವಿಲ್ಲ. ಈಚೆಗೆ ಕೇಳಿದಾಗ ಅವಳು, “ಎರಡೂ ಇತ್ತು. ನಿಮ್ಮ ಕೈ ಎಲ್ಲಿ ಖಾಲಿ ಇದ್ದುವು, ಚಪ್ಪಾಳಿ ಹೊಡಿಯಾಕತ್ತಿದ್ರಿ,” ಎಂದಳು.

ಕಳೆದ ತಿಂಗಳು ಒಂದು ಕಂಪನಿಯಿಂದ ಮೇಲ್ ಬಂತು. ಆ ಕಾಲದ ಸಂಗೀತದ ಸಂಕಲನ ಮಾಡುತ್ತಿದ್ದಾರಂತೆ. ‘ನಿಮ್ಮ ನಾಲ್ಕು ಟ್ರ್ಯಾಕ್‌ಗಳಿಗೆ’ ಅನುಮತಿ ಬೇಕು, ಒಂದು ಫೋಟೋ ಬೇಕು. ಅದನ್ನು ಹಿಡಿದು ಶಂಶಾಬಾದ್‌ನಲ್ಲಿರುವ ಅಕ್ಕನ ಮನೆಗೆ ಹೋದೆ.

“ನಿನ್ನ ನಾಲ್ಕು?” ಎಂದಳು.

“ಹೆಸರು ಬ್ಯಾಡ ಅಂತ ನೀನ ಅಂದಿದ್ದಿ.”

“ಅಪ್ಪಗ ಹೇಳಬ್ಯಾಡ ಅಂದಿದ್ದೆ. ಅಪ್ಪ ನಿನ್ನ ಮೇಲ್ ಓದತಿದ್ರೇನು?”

ಅಪ್ಪನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುತ್ತಿರಲಿಲ್ಲ.

ಅಂದೇ ಕಂಪನಿಗೆ ನಿಜ ಬರೆದೆ. ಹಳೆಯ ದಾಖಲೆಗಳಲ್ಲೆಲ್ಲ ನನ್ನ ಹೆಸರಿದೆ, ಪುರಾವೆಯಿಲ್ಲದೆ ಬದಲಿಸಲಾಗದು, ಬೇಕಿದ್ದರೆ ‘ಕುಟುಂಬಕ್ಕೆ ವಿಶೇಷ ಕೃತಜ್ಞತೆ’ ಎಂದು ಹಾಕುತ್ತೇವೆ ಎಂಬ ಉತ್ತರ ಬಂತು. ಕೃತಜ್ಞತೆಯಂತೆ! ಚಹಾ ಕೊಟ್ಟದ್ದಕ್ಕಿರಬೇಕು. ಪುರಾವೆಗೆಂದು ಹಳೆಯ ಗುಂಪಿಗೆ ಹೋದೆ. ಅದು ಇನ್ನೂ ಉಸಿರಾಡುತ್ತಿದೆ. ನಾಲ್ಕೂ ಅಕ್ಕನವು, ಯಾರಿಗಾದರೂ ನೆನಪಿದ್ದರೆ ಹೇಳಿ ಎಂದು ಬರೆದೆ. ಗಂಟೆಯೊಳಗೆ ಒಬ್ಬ, “ಅಣ್ಣಾ, ಇಷ್ಟು ವಿನಯ ಒಳ್ಳೆಯದಲ್ಲ” ಎಂದ. ಇನ್ನೊಬ್ಬ, ಈಗ ಹೆಣ್ಣಿನ ಹೆಸರಿಟ್ಟರೆ ಚೆನ್ನಾಗಿ ಓಡುತ್ತದೆ, ಒಳ್ಳೆಯ ಉಪಾಯ ಎಂದ. ಅಕ್ಕನ ಸಂಗೀತವನ್ನು ಊರೂರಿಗೆ ಹೊತ್ತವರು ಇವರೇ. ಈಗ ಅಕ್ಕನನ್ನೇ ಬಾಗಿಲಲ್ಲಿ ತಡೆದು ಕೇಳುತ್ತಿದ್ದಾರೆ, ನೀನ್ಯಾರು ಎಂದು.

ಮೂರನೆಯವನು ಒಂದು ಹಳೆಯ ಪತ್ರವನ್ನು ಅಲ್ಲಿ ಅಂಟಿಸಿದ. ನನ್ನದೇ ಪತ್ರ, ಆ ಕಾಲದಲ್ಲಿ ಗುಂಪಿಗೆ ಬರೆದದ್ದು. ನಾನು ಕಿಟಕಿಯಲ್ಲಿ ರೆಕಾರ್ಡರ್ ಇಟ್ಟದ್ದು, ನಾನು ಬಡಿತವನ್ನು ಬೇಕೆಂದೇ ನಿಧಾನಗೊಳಿಸಿದ್ದು, ಅದರ ಹಿಂದಿನ ನನ್ನ ಆಲೋಚನೆ. ಪ್ರತಿ ವಾಕ್ಯದಲ್ಲೂ ನಾನು.

ಅದನ್ನು ಬರೆದ ನೆನಪು ನನಗಿಲ್ಲ. ಆ ವಾರದ ಡೈರಿ ತೆಗೆದು ನೋಡಿದೆ. ನೆಗಡಿಯಿದೆ, ಬಸ್ಸುಗಳ ಮುಷ್ಕರವಿದೆ, ಪತ್ರವಿಲ್ಲ. ಪದ್ಧತಿ ಕೇಳುತ್ತಿದ್ದದ್ದು ಖಾನೆಯಲ್ಲೊಂದು ಹೆಸರು, ಅಷ್ಟೇ. ಪತ್ರವನ್ನು ಯಾವ ಪದ್ಧತಿಯೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ನಾನು ಪದ್ಧತಿಯ ಹಿಂದೆ ಅಡಗಿ ಕೂತಿದ್ದೆ. ಕಳ್ಳನಾಗಿದ್ದೆ ಎಂದು ಬರೆಯಲು ಈಗಲೂ ಪೆನ್ನು ಹಿಂಜರಿಯುತ್ತದೆ. ಕಳ್ಳನಾಗಿದ್ದೆ.

ಪತ್ರವನ್ನು ಅಕ್ಕನಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

“ಇಲ್ಲಿ ತಪ್ಪು ಬರದಿ,” ಎಂದಳು. “ಬಡಿತ ಯಾರೂ ನಿಧಾನ ಮಾಡಿಲ್ಲ. ಟೇಪಿನ ಬೆಲ್ಟ್ ಸಡಲಾಗಿತ್ತು, ತಾನ ನಿಧಾನ ಓಡಿತು. ಚಂದ ಅನಿಸ್ತು, ಹಂಗ ಬಿಟ್ಟೆ. ಕದಿಯೋದು ಕದ್ದಿ, ಕೇಳಿ ಆದ್ರೂ ಕದೀಬೇಕಿಲ್ಲೋ?”

“ಗುಂಪಿನ್ಯಾಗ ಎಲ್ಲಾ ಬರದು ಹಾಕ್ತೀನಿ,” ಎಂದೆ.

“ಹಾಕು. ಅಕ್ಕ ಪಾಪ, ಅಕ್ಕ ದೊಡ್ಡಾಕಿ ಅಂತ ಹಾಡ ಹಾಡಬ್ಯಾಡ. ಸುಳ್ಳು ಹೇಳೀನಿ ಅಂತ ಬರಿ.”

ಹಾಗೆಯೇ ಬರೆದೆ. ಕಂಪನಿಗೂ ಬರೆದೆ: ಅಕ್ಕನ ಹೆಸರಿದ್ದರೆ ಮಾತ್ರ ಅನುಮತಿ. ಎರಡು ದಿನಕ್ಕೆ ಉತ್ತರ ಬಂತು. ಅದನ್ನು ಫೋನಿನಲ್ಲಿ ಹೇಳುವ ಧೈರ್ಯವಾಗದೆ ಮತ್ತೆ ಶಂಶಾಬಾದ್‌ಗೆ ಹೋದೆ. ವಿವಾದವಿರುವುದರಿಂದ ನಾಲ್ಕನ್ನೂ ಸಂಕಲನದಿಂದ ಕೈಬಿಟ್ಟಿದ್ದಾರೆ ಎಂದೆ.

“ಈಗ ಯಾರ ಮ್ಯಾಲ ಸಿಟ್ಟು ಮಾಡ್ಲಿ ಹೇಳು,” ಎಂದಳು.

“ನನ್ನ ಮ್ಯಾಲ.”

“ಅದು ಮಾಡಾಕತ್ತೀನಿ,” ಎಂದಳು. “ಮತ್ತ ಯಾರ ಮ್ಯಾಲ?”