ಚ್ಯಾಷ್ಟಿ ಅಂದರೆ ಮುಗಿಯಿತೇ?

ನಮ್ಮ ಕಡೆಯ ಮಕ್ಕಳಿಗೆ ದೊಡ್ಡವರೆದುರು 'ಬೇಡ' ಎನ್ನಲು ಬರುವುದಿಲ್ಲ. ಬಾರದಂತೆ ನಾವೇ ಬೆಳೆಸಿದ್ದೇವೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೂಸಿಗೆ 'ಭಾಳ ಶಾಣ್ಯಾ' ಎಂದು ಬೆಲ್ಲ ಕೊಡುತ್ತೇವೆ. ಎದುರಾಡಿದ ಕೂಸಿಗೆ ಬಾಯಿಬಡಕಿ ಎಂದು ಹೆಸರಿಡುತ್ತೇವೆ. ನಾನು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಸಂಖದ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಊರವರ ಬಾಯಲ್ಲಿ 'ಬಾಯಾರು'. ಚಿಕ್ಕಂದಿನಿಂದಲೂ ನಾನು ಬಾಯಿಬಡಕಿಯೇ. ಅದಕ್ಕೇ ಇರಬೇಕು, ಈ ಪಾಠ ಮಾಡುವ ಕೆಲಸ ನನಗೇ ಬಂತು.

ತಾಲೂಕಿನ ಊರಾದ ಜತ್ತದಲ್ಲಿ ತರಬೇತಿ ಮಾಡಿ, ಕೈಗೊಂದು ಮರಾಠಿ ಚಾರ್ಟು ಕೊಟ್ಟು ಕಳಿಸಿದರು. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಏನು ಮಾಡಬೇಕು ಎಂದೆಲ್ಲ ಅದರಲ್ಲಿತ್ತು. ನಾನು ಅದನ್ನು ಕನ್ನಡದಲ್ಲಿ ಹೇಳಿಕೊಟ್ಟೆ. 'ಬ್ಯಾಡ ಅನಬೇಕು, ಓಡಬೇಕು, ಮನ್ಯಾಗ ಹೇಳಬೇಕು.' ಮಕ್ಕಳು ಮಗ್ಗಿಯ ರಾಗದಲ್ಲಿ ಚೆನ್ನಾಗಿಯೇ ಒಪ್ಪಿಸಿದರು. ಸರಿ, ನೋಡೋಣವೆಂದು ಐದನೆಯ ತರಗತಿಯ ಹುಡುಗಿಯೊಬ್ಬಳ ಕೈ ಹಿಡಿದು, 'ಬಾ, ಚಾಕಲೇಟ ಕೊಡತೀನಿ' ಎಂದು ಎಳೆದೆ. ಅವಳು ನೆಲ ನೋಡುತ್ತ 'ಬ್ಯಾಡ್ರಿ' ಎಂದಳು. ಪಕ್ಕದವಳಿಗೂ ಕೇಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಅವಳ ಮೇಲಲ್ಲ, ಹಾಗೆ ಬೆಳೆಸಿದ ನಮ್ಮ ಮೇಲೆ.

ಏಕೆಂದರೆ ಆ ಹುಡುಗಿಯ ದನಿ ಎಂಥದೆಂದು ನನಗೆ ಗೊತ್ತಿತ್ತು. ಅವರದು ಕುರಿ ಸಾಕುವ ಮನೆತನ. ರಜೆಯಲ್ಲಿ ಅಪ್ಪನ ಜೊತೆ ಕುರಿಗಳ ಹಿಂದೆ ಹೋಗುವವಳು. ತೋಳ ಕಂಡರೆ ಅವಳು ಹಾಕುವ ಕೂಗು ಹಳ್ಳದ ಆಚೆ ದಂಡೆಗೆ ಕೇಳುತ್ತಿತ್ತು. ಆ ಕೂಗಿಗೆ ಊರಲ್ಲಿ ಒಂದು ಕಟ್ಟಳೆಯೂ ಇದೆ. ಕಿವಿಗೆ ಬಿದ್ದವರು ಯಾರ ಕುರಿ ಎಂದು ಕೇಳದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಬೇಕು.

'ತೋಳ ಬಂದ್ರ ಏನ್ ಮಾಡ್ತಿ?' ಎಂದು ಕೇಳಿದೆ.

'ಒದರತೀನ್ರಿ.'

'ಹಂಗಾರ ಈಗ ಒದರು.'

ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಒದರಿದಳು. ತುಸು ಹೊತ್ತಿನಲ್ಲೇ ಅರ್ಧ ಊರು ಶಾಲೆಯ ಬಾಗಿಲಲ್ಲಿತ್ತು. ಒಬ್ಬನ ಕೈಯಲ್ಲಿ ಕುಡುಗೋಲು, ಒಬ್ಬನ ಅರ್ಧ ಗಲ್ಲಕ್ಕೆ ಸಾಬೂನಿನ ನೊರೆ. 'ತೋಳ ಎಲ್ಲೈತ್ರಿ ಬಾಯಾರ?' ಎಂದರು. ನಾನು ಪಾಠವನ್ನು ವಿವರಿಸಿದೆ. ಊರ ಹಿರಿಯರೊಬ್ಬರು ಮುಖ ಗಂಟು ಹಾಕಿ, 'ಆ ಕೂಗು ಆಟಕ್ಕಲ್ಲ' ಎಂದರು. 'ಇದೂ ಆಟಕ್ಕಲ್ರಿ' ಎಂದೆ. ಮಕ್ಕಳಿಗೆ ನಗು ತಡೆಯಲಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳ ತಮ್ಮನ ಜಾವಳ, ಅಂದರೆ ಹುಟ್ಟುಗೂದಲು, ತೆಗೆಯುವ ಕಾರ್ಯಕ್ಕೆ ನನಗೂ ಊಟದ ಕರೆ ಬಂತು. ಬೀಗರು ಬಿಜ್ಜರೆಲ್ಲ ಬಂದಿದ್ದರು. ಹುಡುಗಿಯ ಸೋದರತ್ತೆಯ ಗಂಡನೂ ಬಂದಿದ್ದ. ಅವಳಿಗೆ ಅವನು ಮಾವ. ಅನುಕೂಲಸ್ಥ, ನಾಲ್ಕು ಜನ ಎದ್ದು ಜಾಗ ಕೊಡುವಂಥವನು. ನಮ್ಮ ಕಡೆ ಮಾವನಾದವನಿಗೆ ಚ್ಯಾಷ್ಟಿ, ಅಂದರೆ ತಮಾಷೆ, ಮಾಡುವುದು ಹಕ್ಕು. 'ನಮ್ಮನಿ ಸೊಸಿ' ಎಂದು ಗಲ್ಲ ಹಿಂಡುತ್ತಾನೆ, ಜಡೆ ಎಳೆಯುತ್ತಾನೆ; ಕೂಸು ಅಳುತ್ತದೆ, ಮನೆಮಂದಿ ನಗುತ್ತಾರೆ. ಆ ನಗುವನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ಮೊದಲ ಪಂಕ್ತಿಯಲ್ಲಿ ಕೂತಿದ್ದೆವು. ಮೇವಿನ ಬಣವೆಯ ಕಡೆಯಿಂದ ಆ ಕೂಗು ಕೇಳಿತು. ಗಂಡಸರೆಲ್ಲ ಸಾರಿನ ಕೈಯಲ್ಲೇ ಎದ್ದು ಬಡಿಗೆ ಹಿಡಿದು ಓಡಿದರು. ನಾನೂ ಓಡಿದೆ. ಬಣವೆಯ ಹಿಂದೆ ಮಾವ ನಿಂತಿದ್ದ, ಹುಡುಗಿಯ ರಟ್ಟೆ ಇನ್ನೂ ಅವನ ಕೈಯಲ್ಲಿತ್ತು. ಬೇಡ ಬೇಡ ಎಂದರೂ ಬಿಡಲಿಲ್ಲವೆಂದು ಅವಳು ಅಲ್ಲೇ ಹೇಳಿದಳು. ಉಳಿದದ್ದನ್ನು ನನ್ನ ಕಿವಿಯಲ್ಲಿ ಹೇಳಿದಳು. ಅದು ಅವಳ ಮಾತು, ನಾನು ಇಲ್ಲಿ ಬರೆಯುವುದಿಲ್ಲ.

'ಚ್ಯಾಷ್ಟಿ ಮಾಡಿದ್ನಪಾ, ಮಾವ ಅಲ್ಲೇನ್ ನಾ?' ಎಂದ ಅವನು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ. ಎತ್ತಿದ ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ತೋಳಕ್ಕಾಗಿದ್ದರೆ ಇಳಿಯುತ್ತಿರಲಿಲ್ಲ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ಅಂದು ಶಾಲೆಯ ಬಾಗಿಲಲ್ಲಿ ಮುಖ ಗಂಟು ಹಾಕಿದ್ದ ಅದೇ ಹಿರಿಯರು ಮಾತು ತೆಗೆದರು: 'ಅಡಕಿಗಿ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ಮನಿ ಮಾತು ಮನ್ಯಾಗ ಮುಗೀಲಿ. ಹುಡುಗಿ ಮಾವನ ಕಾಲಿಗಿ ಬಿದ್ದು ತಪ್ಪಾತು ಅನ್ಲಿ.'

'ಮಾನ ಹೋಗಿದ್ದು ಯಾರದ್ರಿ? ಆಕೀದಲ್ಲ. ಆಕಿ ಯಾರ ಕಾಲಿಗೂ ಬೀಳೂದಿಲ್ಲ' ಎಂದೆ.

ಹುಡುಗಿಯ ಅಪ್ಪ ಕೈ ಮುಗಿದ. 'ಬಾಯಾರ, ನನ್ನ ತಂಗಿ ಬಾಳೇವು ಐತ್ರಿ ಇದ್ರಾಗ. ನಾಳಿ ಮಕ್ಕಳ ಸಮೇತ ಹೊರಗ ಹಾಕಿದ್ರ ಏನ್ ಮಾಡೂನ್ರಿ?' ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ. ಆದರೂ ತಂಗಿಯ ಸಂಸಾರದ ಭಾರವನ್ನು ತಂದು ಮಗಳ ಕುತ್ತಿಗೆಯ ಮೇಲೆ ಹೊರಿಸಲು ಹೊರಟಿದ್ದ. ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳ ಬಾಯಿ ಹೀಗೇ ಮುಚ್ಚಿತೋ!

'ನಾ ಠಾಣೆಕ್ಕ ಹೋಗಾಕಿನ. ಗೊತ್ತಿದ್ದೂ ಸುಮ್ನ ಕುಂತ್ರ ಕಾಯ್ದೇದಾಗ ನಂದೂ ಗುನ್ಹಾನ' ಎಂದೆ.

'ನಿಮ್ಮನ್ನ ಬ್ಯಾರೆ ಊರಿಗಿ ಬದಲಿ ಮಾಡಸ್ತೀವಿ, ನೋಡ್ರಿ' ಎಂದರು ಹಿರಿಯರು.

'ಮಾಡಸ್ರಿ. ಹೋದ ಊರಾಗೂ ಇದನ್ನ ಕಲಸ್ತೀನಿ.'

ಯಾರೋ ಹುಡುಗಿಯನ್ನು ಮಾವನ ಮುಂದೆ ತಂದು ನಿಲ್ಲಿಸಿ ತಲೆ ಒತ್ತಿದರು. ಅವಳು ಬಗ್ಗಲಿಲ್ಲ. ಈ ಸಲ ಕೂಗಲೂ ಇಲ್ಲ. ಅವನ ಮುಖವನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ 'ಬೀಳಂಗಿಲ್ಲ' ಎಂದಳು. ನನಗೆ ಅಳು ಬಂತು, ಹೆಮ್ಮೆಗೆ.

ಆಗ ಅಡುಗೆಮನೆಯಿಂದ ಅವಳ ಸೋದರತ್ತೆ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಗಂಡನ ಕಡೆ ನೋಡಲಿಲ್ಲ. ಹುಡುಗಿಯ ತಲೆಯ ಮೇಲಿದ್ದ ಕೈಯನ್ನು ತಳ್ಳಿ, 'ಅಣ್ಣಾ, ನನ್ನ ಬಾಳೇವಿನ ಹೆಸರ ಹೇಳಿ ಕೂಸಿನ ಕುತ್ತಿಗಿ ಬಗ್ಗಸಬ್ಯಾಡ. ಗಾಡಿ ತಗಿ, ನಾನೂ ಬರತೀನಿ' ಎಂದಳು. ಹುಡುಗಿಯ ಅಪ್ಪ ಕಣ್ಣೊರೆಸಿಕೊಂಡು ಗಾಡಿ ತೆಗೆದ.

ಠಾಣೆಯಲ್ಲಿ ಯೂನಿಫಾರಂ ಇಲ್ಲದ ಮಹಿಳಾ ಪೊಲೀಸ್ ಒಬ್ಬರು ಹುಡುಗಿಯನ್ನು ಒಳಗೆ ಕೂರಿಸಿಕೊಂಡು ಮೆತ್ತಗೆ ಮಾತಾಡಿಸಿದರು. ಅವಳು ನನ್ನ ಸೆರಗು ಹಿಡಿದುಕೊಂಡೇ ಎಲ್ಲ ಹೇಳಿದಳು. ಅವರು ಮರಾಠಿಯಲ್ಲಿ ಬರೆದುಕೊಂಡರು. ಕೊನೆಗೆ ನಮ್ಮಿಬ್ಬರ ಜೊತೆ ಹೊರಗೆ ಬಂದು ಎಲ್ಲರನ್ನೂ ಕೇಳಿದರು, ಆ ಮನುಷ್ಯನ ಪೂರ್ತಿ ಹೆಸರೇನು ಎಂದು. ಹುಡುಗಿಯ ಅಪ್ಪ ತಂಗಿಯ ಕಡೆ ನೋಡಿದ. ನಾನು ಹೇಳಬೇಕೆನ್ನುವಷ್ಟರಲ್ಲಿ ಅತ್ತೆ ಮುಂದೆ ಬಂದಳು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ, ಒಡಪಿನ ಪ್ರಾಸದ ಸಾಲಿನಲ್ಲಿ ಸೇರಿಸಿ, ನಾಚಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಬೇಕು, ಅಷ್ಟೇ. ಆಕೆ ಅಂದು ಗಂಡನ ಹೆಸರು, ಅವನ ಅಪ್ಪನ ಹೆಸರು, ಮನೆತನದ ಹೆಸರು ಮೂರನ್ನೂ ನೆಟ್ಟಗೆ ನಿಂತು ಹೇಳಿದಳು. ಆಮೇಲೆ ಪೊಲೀಸಿನವರು ಬರೆದುಕೊಳ್ಳಲೆಂದು ಇನ್ನೊಮ್ಮೆ ನಿಧಾನವಾಗಿ ಹೇಳಿದಳು.